ಮನೆಯಲ್ಲಿರುವ ನೌಕರನಿಗೆ ಕಚೇರಿಯ ಮಾತು ಯಾವ ದಾರಿಯಲ್ಲಿ ಬರಬೇಕು?

ಮಂಜೇಶ್ವರ: 2020ರ ಮಾರ್ಚ್ ಕೊನೆಯ ವಾರದಲ್ಲಿ ತಲಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ ಮುಚ್ಚಿತು. ಗಡಿಯ ಒಳದಾರಿಗಳಿಗೂ ಮಣ್ಣು ಸುರಿಯಲಾಯಿತು. ಚಿಕಿತ್ಸೆಗೆಂದು ಮಂಗಳೂರಿಗೆ ಹೊರಟ ರೋಗಿಗಳು ಗಡಿ ದಾಟಲಾಗದೆ ಮೃತಪಟ್ಟ ಸುದ್ದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆದೇಶ ನೀಡಿತು, ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ದೊಡ್ಡ ಸಂಕಟದ ಮರೆಯಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಮಂಜೇಶ್ವರ, ಉಪ್ಪಳ, ಕುಂಬಳೆಗಳಿಂದ ದಿನವೂ ಬಸ್ಸು ಹತ್ತಿ ಮಂಗಳೂರಿಗೆ ದುಡಿಯಲು ಹೋಗುತ್ತಿದ್ದವರ ಪೈಕಿ ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಕೆಲಸದವರು ಬೆಳಗಾಗುವುದರೊಳಗೆ ದೂರದ ನೌಕರರಾದರು.

ದೇಶದ ಉಳಿದ ಕಡೆ ಲಾಕ್‌ಡೌನ್ ಸಡಿಲವಾದಂತೆ ಜನ ಕಚೇರಿಗೆ ಮರಳಿದರು. ಗಡಿನಾಡಿನವರಿಗೆ ಆ ಭಾಗ್ಯವೂ ಪೂರ್ತಿ ಸಿಗಲಿಲ್ಲ. 2021ರ ಫೆಬ್ರವರಿಯಲ್ಲಿ, ಮತ್ತೆ ಅದೇ ವರ್ಷದ ಆಗಸ್ಟಿನಲ್ಲಿ, ಕೇರಳದಿಂದ ಬರುವವರಿಗೆ ಕರ್ನಾಟಕವು ಆರ್‌ಟಿ-ಪಿಸಿಆರ್ ವರದಿ ಕಡ್ಡಾಯ ಮಾಡಿತು. ಗಡಿಯಾಚೆ ಹತ್ತಿರದಲ್ಲೇ ಇರುವ ಕಚೇರಿಗೆ ಮೂಗಿನ ದ್ರವದ ಪರೀಕ್ಷೆ ಮಾಡಿಸಿಕೊಂಡು ಹೋಗುವುದಕ್ಕಿಂತ ಮನೆಯಲ್ಲೇ ಕುಳಿತು ಕೆಲಸ ಮಾಡುವುದು ಲೇಸೆಂದು ನೌಕರರಿಗೂ ಅನಿಸಿತು, ಮಾಲಿಕರಿಗೂ ಅನಿಸಿತು. ಕಚೇರಿಯ ಮಾತು ಮನೆಗೆ ತಲುಪಬೇಕಲ್ಲ? ಯೋಚನೆ ಮಾಡಲು ಸಮಯವಿರಲಿಲ್ಲ. ಎಲ್ಲರ ಕೈಯಲ್ಲೂ ಇದ್ದ ವಾಟ್ಸ್‌ಆ್ಯಪ್‌ನಲ್ಲಿ ಒಂದು ಗುಂಪು ತೆರೆದರು. ದೊಡ್ಡ ಕಂಪೆನಿಗಳವರು ಝೂಮ್, ಮೈಕ್ರೋಸಾಫ್ಟ್ ಟೀಮ್ಸ್, ಸ್ಲ್ಯಾಕ್ ಎಂದರು. ಝೂಮ್‌ನಲ್ಲಿ ದಿನವೊಂದಕ್ಕೆ ಸಭೆಗೆ ಸೇರುವವರ ಲೆಕ್ಕ 2019ರ ಡಿಸೆಂಬರಿನಲ್ಲಿ 1 ಕೋಟಿ ಇದ್ದದ್ದು 2020ರ ಮಾರ್ಚಿನಲ್ಲಿ 20 ಕೋಟಿಗೆ ಏರಿತು. ಏಪ್ರಿಲ್ ಮಧ್ಯದಲ್ಲಿ ನಮ್ಮ ಕೇಂದ್ರ ಗೃಹ ಸಚಿವಾಲಯ ಅದು ಸುರಕ್ಷಿತ ವೇದಿಕೆಯಲ್ಲವೆಂದು ಎಚ್ಚರಿಸಿತು. ಆದರೂ ಬಳಕೆ ನಿಲ್ಲಲಿಲ್ಲ. ಬೆಂಕಿ ಬಿದ್ದಾಗ ಕೈಗೆ ಸಿಕ್ಕಿದ ಕೊಡಪಾನದಲ್ಲೇ ನೀರು ಹೊಯ್ಯುವುದು ತಾನೆ?

ತೊಂದರೆ ಇರುವುದು ಅಲ್ಲಲ್ಲ. ಬೆಂಕಿ ಆರಿದ ಮೇಲೂ ಅದೇ ಕೊಡಪಾನದಲ್ಲಿ ಸಂಸಾರ ಸಾಗುತ್ತಿದೆ.

ಮೊದಲು ಹೋಗಿ ಬಂದ ಗಾಳಿ

2020ರಲ್ಲಿ ಟಿಸಿಎಸ್ ಕಂಪೆನಿ, 2025ರ ಹೊತ್ತಿಗೆ ತನ್ನ ನೌಕರರಲ್ಲಿ ಶೇಕಡಾ 25 ಮಂದಿ ಮಾತ್ರ ಒಂದು ಹೊತ್ತಿಗೆ ಕಚೇರಿಯಲ್ಲಿದ್ದರೆ ಸಾಕೆಂದು ಘೋಷಿಸಿತ್ತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಕಾಲ್ ಸೆಂಟರು, ಬಿಪಿಒಗಳ ಮೇಲಿದ್ದ ನೋಂದಣಿ ಮತ್ತು ಬ್ಯಾಂಕ್ ಗ್ಯಾರಂಟಿಯ ಕಟ್ಟು ಸಡಿಲಿಸಿ ಮನೆಯಿಂದ ಕೆಲಸ ಮಾಡಲು ದಾರಿ ತೆರೆಯಿತು. ಊರಿನ ಹುಡುಗರು ಊರಲ್ಲೇ ಉಳಿದಾರು ಎಂದು ಅಡಿಕೆ ತೋಟದ ಮನೆಗಳಲ್ಲಿ ಹಿರಿಯರು ಆಸೆಪಟ್ಟದ್ದು ಆಗ. ಮುಂದೆ ಗಾಳಿ ತಿರುಗಿತು. 2023ರ ಅಕ್ಟೋಬರಿನಿಂದ ಟಿಸಿಎಸ್ ವಾರದಲ್ಲಿ 5 ದಿನ ಕಚೇರಿಗೆ ಬರಬೇಕೆಂದಿತು. ಅಮೆಜಾನ್ 2025ರ ಜನವರಿಯಿಂದ 5 ದಿನ ಮಾಡಿತು. ಹೆಚ್ಚೇಕೆ, ಮನೆಯಿಂದ ಕೆಲಸ ಮಾಡುವವರಿಂದಲೇ ಬೆಳೆದ ಝೂಮ್ ಕಂಪೆನಿ 2023ರ ಆಗಸ್ಟಿನಲ್ಲಿ, ಕಚೇರಿಗೆ 50 ಮೈಲಿಯೊಳಗೆ ಇರುವ ತನ್ನ ನೌಕರರು ವಾರಕ್ಕೆ 2 ದಿನ ಬರಲೇಬೇಕೆಂದು ಹೇಳಿತು.

ಈಗ ಅನೇಕ ಕಡೆ ಉಳಿದಿರುವುದು ಅರೆಬರೆ ಪದ್ಧತಿ. ಕೆಲವು ದಿನ ಕಚೇರಿ, ಕೆಲವು ದಿನ ಮನೆ. ಇದಕ್ಕೆ ಹೈಬ್ರಿಡ್ ಎನ್ನುತ್ತಾರೆ. ಹೈಬ್ರಿಡ್ ಎಂದರೆ ಕಾಸರಗೋಡಿನವರಿಗೆ ಮೊದಲು ನೆನಪಾಗುವುದು ಸಿಪಿಸಿಆರ್‌ಐಯ ತೆಂಗಿನ ಸಸಿ. ಆ ಸಸಿಗೆ ಎರಡೂ ತಳಿಯ ಒಳ್ಳೆಯ ಗುಣ ಬರಲೆಂದು ಕೃಷಿ ವಿಜ್ಞಾನಿಗಳು ವರ್ಷಗಟ್ಟಲೆ ಕಷ್ಟಪಡುತ್ತಾರೆ. ಕಚೇರಿಯ ಹೈಬ್ರಿಡ್‌ಗೆ ಅಷ್ಟು ಕಷ್ಟಪಟ್ಟವರು ಕಡಿಮೆ. ಎಷ್ಟೋ ಕಡೆ ಎರಡರ ಕೆಟ್ಟ ಗುಣವೇ ಕೂಡಿಕೊಂಡಿದೆ. ಇದಕ್ಕೆ ಮುಖ್ಯ ಕಾರಣ ಮನೆಯೂ ಅಲ್ಲ, ಕಚೇರಿಯೂ ಅಲ್ಲ. ಎರಡರ ನಡುವೆ ಮಾತು ಹರಿಯುವ ದಾರಿ. ತೀರ್ಮಾನ ಎಲ್ಲಿ ಆಗುತ್ತದೆ, ಎಲ್ಲಿ ಬರೆದಿಡಲಾಗುತ್ತದೆ, ಆಗ ಅಲ್ಲಿಲ್ಲದವನಿಗೆ ಅದು ಆಮೇಲೆ ಸಿಗುತ್ತದೆಯೇ ಎಂಬುದರ ಮೇಲೆ ಊರಲ್ಲಿ ಉಳಿದವನ ಕೆಲಸದ ಅಳಿವು ಉಳಿವು ನಿಂತಿದೆ.

ಕೆಲಸ ಹೆಚ್ಚು, ಬಡ್ತಿ ಕಡಿಮೆ

ಇದು ಬರಿಯ ಗುಮಾನಿಯಲ್ಲ. ಚೀನಾದ ಶಾಂಘೈಯಲ್ಲಿ ಸಿಟ್ರಿಪ್ ಎಂಬ ಪ್ರವಾಸಿ ಟಿಕೆಟ್ ಕಂಪೆನಿಯಲ್ಲಿ 2010ರ ಕೊನೆಯಿಂದ 9 ತಿಂಗಳು ಒಂದು ಪ್ರಯೋಗ ನಡೆಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಅದನ್ನು ಅಭ್ಯಸಿಸಿದರು. ಮನೆಯಿಂದ ಕೆಲಸ ಮಾಡಲು ಒಪ್ಪಿದ, ಅದಕ್ಕೆ ಅರ್ಹರಾದ ಫೋನ್ ವಿಭಾಗದ 249 ಮಂದಿಯಲ್ಲಿ ಹುಟ್ಟಿದ ತಾರೀಕು ಸಮಸಂಖ್ಯೆಯಾದವರನ್ನು ವಾರಕ್ಕೆ 4 ದಿನ ಮನೆಯಿಂದ ಕೆಲಸಕ್ಕೆ ಹಚ್ಚಿದರು, ಬೆಸಸಂಖ್ಯೆಯವರು ಕಚೇರಿಯಲ್ಲೇ ಉಳಿದರು. ಮನೆಯವರ ಕೆಲಸ ಶೇಕಡಾ 13ರಷ್ಟು ಹೆಚ್ಚಿತು. ಕೆಲಸ ಬಿಟ್ಟು ಹೋಗುವವರು ಅರ್ಧಕ್ಕರ್ಧ ಕಡಿಮೆಯಾದರು.

ಇಷ್ಟನ್ನು ಮಾತ್ರ ಹೇಳಿ ಮನೆಗೆಲಸದ ಪರ ವಾದಿಸುವವರು ಬಹಳ ಮಂದಿ. ಅದೇ ವರದಿಯಲ್ಲಿ ಇನ್ನೊಂದು ಸಾಲು ಇದೆ. ಸಮನಾದ ಕೆಲಸ ಮಾಡಿದವರನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಮನೆಯಿಂದ ದುಡಿದವರಿಗೆ ಬಡ್ತಿ ಸಿಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಹೆಚ್ಚು ದುಡಿದರೂ ಕಣ್ಣಿಗೆ ಬೀಳಲಿಲ್ಲ. ಪ್ರಯೋಗ ಮುಗಿದ ಮೇಲೆ ಮನೆಯೋ ಕಚೇರಿಯೋ ಎಂದು ಮತ್ತೆ ಆರಿಸಿಕೊಳ್ಳಲು ಬಿಟ್ಟಾಗ ಪ್ರಯೋಗದಲ್ಲಿದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಆಯ್ಕೆ ಬದಲಿಸಿದರು.

ಬ್ಲೂಮ್ ಅವರೇ ಅದೇ ಕಂಪೆನಿಯಲ್ಲಿ, ಅಂದರೆ ಈಗ ಟ್ರಿಪ್.ಕಾಮ್ ಎನಿಸಿಕೊಂಡಿರುವಲ್ಲಿ, 2021-22ರಲ್ಲಿ 1,612 ನೌಕರರ ಮೇಲೆ ಇನ್ನೊಂದು ಪ್ರಯೋಗ ನಡೆಸಿದರು. ಈ ಬಾರಿ 3 ದಿನ ಕಚೇರಿ, 2 ದಿನ ಮನೆ. 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ರಾಜೀನಾಮೆಗಳು ಮೂರರಲ್ಲೊಂದು ಪಾಲು ಇಳಿದವು, ಬಡ್ತಿಯಲ್ಲಿ ಯಾವ ಹಿನ್ನಡೆಯೂ ಕಾಣಲಿಲ್ಲ. ಎರಡು ಪ್ರಯೋಗಗಳ ನೌಕರರೂ ಬೇರೆ, ಕೆಲಸದ ಬಗೆಯೂ ಬೇರೆ ಎಂಬುದನ್ನು ಮರೆಯಬಾರದು. ಹಾಗಿದ್ದರೂ ಎಣ್ಮಕಜೆಯಲ್ಲೋ ಪೈವಳಿಕೆಯಲ್ಲೋ ಕುಳಿತು ಬೆಂಗಳೂರಿಗೆ ದುಡಿಯುವವರು ಮೊದಲನೆಯ ಫಲಿತಾಂಶವನ್ನೇ ಹೆಚ್ಚು ಗಮನವಿಟ್ಟು ಓದಬೇಕಾಗಿದೆ, ಏಕೆಂದರೆ ವಾರಕ್ಕೆ 3 ದಿನ ಬೆಂಗಳೂರಿಗೆ ಹೋಗಿ ಬರುವುದು ಅವರಿಂದಾಗದ ಮಾತು.

ಮೈಕ್ರೋಸಾಫ್ಟ್‌ನ 61,182 ಅಮೆರಿಕನ್ ನೌಕರರ 2020ರ ಮೊದಲ 6 ತಿಂಗಳ ಸಂಪರ್ಕವನ್ನು ಪರಿಶೀಲಿಸಿದ ಮತ್ತೊಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಎಲ್ಲರೂ ಮನೆ ಸೇರಿದ ಮೇಲೆ ಜನ ತಮ್ಮ ತಮ್ಮ ಗುಂಪಿನೊಳಗೇ ಹೆಚ್ಚು ಮಾತಾಡತೊಡಗಿದರು, ಬೇರೆ ವಿಭಾಗದವರೊಡನೆ ಇದ್ದ ಕೊಂಡಿಗಳು ಸಡಿಲವಾದವು ಎಂಬುದು ಅದರ ಸಾರ. ಊರಿನ ಭಾಷೆಯಲ್ಲಿ ಹೇಳುವುದಾದರೆ, ಮನೆಯವರೊಡನೆ ಮಾತು ಹೆಚ್ಚಾಯಿತು, ಸಂತೆಗೆ ಹೋಗುವುದು ನಿಂತಿತು. ಹೊಸ ಸುದ್ದಿ ಸಿಗುವುದು ಸಂತೆಯಲ್ಲಿ.

ಗುಡ್ಡದ ಮನೆಯ ಒಂದು ದಿನ

ಜುಲೈ ತಿಂಗಳು, ಜಡಿಮಳೆ. ಗುಡ್ಡದ ಮೇಲಿನ ಮನೆಯೊಂದರಲ್ಲಿ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಬೆಂಗಳೂರಿನ ಕಂಪೆನಿಯ ಲೆಕ್ಕ ನೋಡುತ್ತಾಳೆಂದು ಊಹಿಸಿಕೊಳ್ಳಿ. ಬೆಳಗ್ಗೆ ಕರೆಂಟ್ ಹೋಗಿದೆ, ಮೊಬೈಲ್ ರೇಂಜ್ ಸಿಗುವುದು ಜಗಲಿಯ ಪಡುಮೂಲೆಯಲ್ಲಿ ಮಾತ್ರ. 10 ಗಂಟೆಗೆ ವೀಡಿಯೋ ಸಭೆ. ಝೂಮ್ ಕಂಪೆನಿಯೇ ಹೇಳುವ ಲೆಕ್ಕದಂತೆ ಬರಿಯ ಧ್ವನಿಗೆ ಸೆಕೆಂಡಿಗೆ 60ರಿಂದ 80 ಕಿಲೋಬಿಟ್ ಸಾಕು. ಇಬ್ಬರ ನಡುವಿನ ಉತ್ತಮ ವೀಡಿಯೋಗೆ ಹೋಗಲು 600, ಬರಲು 600 ಬೇಕು. ಸುಮಾರು 8-10 ಪಾಲು ಹೆಚ್ಚು. ಎಂಟು ಮಂದಿಯ ಮುಖ ನೋಡುವ ಆಸೆಗೆ ಒಬ್ಬಳ ಮಾತೇ ಕತ್ತರಿಸಿ ಹೋಗುತ್ತದೆ. "ನಿಮ್ಮ ಧ್ವನಿ ಕೇಳುತ್ತಿಲ್ಲ" ಎಂಬ ಮಾತನ್ನು ಮೂರು ಸಲ ಕೇಳಿದ ಮೇಲೆ ಯಾರಾದರೂ ಬಾಯಿ ಮುಚ್ಚಿ ಕುಳಿತುಕೊಳ್ಳುತ್ತಾರೆ. ಹೀಗೆ ಕುಳಿತವಳನ್ನು ಕಂಪೆನಿ 'ಸಭೆಯಲ್ಲಿ ಭಾಗವಹಿಸುವುದಿಲ್ಲ' ಎಂದು ಬರೆದುಕೊಳ್ಳುತ್ತದೆ.

ಸಭೆ ಮುಗಿಯಿತು. ಬೆಂಗಳೂರಿನಲ್ಲಿ ಕುಳಿತ ನಾಲ್ವರು ಚಹಾಕ್ಕೆ ಇಳಿದರು. ಚಹಾ ಕುಡಿಯುತ್ತಾ ಈ ತಿಂಗಳ ಲೆಕ್ಕವನ್ನು ಬೇರೆ ಮಾದರಿಯಲ್ಲಿ ಕಳಿಸಬೇಕೆಂದು ತೀರ್ಮಾನವಾಯಿತು. ಯಾರೂ ಕೆಟ್ಟ ಮನಸ್ಸಿನವರಲ್ಲ. ಬರೆದು ತಿಳಿಸಬೇಕೆಂದು ತೋಚಲಿಲ್ಲ, ಅಷ್ಟೆ. ಗುಡ್ಡದ ಮನೆಯಲ್ಲಿ ಹಳೆಯ ಮಾದರಿಯ ಲೆಕ್ಕ ರಾತ್ರಿ 9ರವರೆಗೆ ತಯಾರಾಯಿತು. ಮರುದಿನ ತಪ್ಪು ಯಾರದ್ದಾಯಿತು?

ಇಲ್ಲಿ ನೆಟ್‌ವರ್ಕ್ ಬಲಗೊಂಡರೆ ಎಲ್ಲವೂ ಸರಿಹೋಗುತ್ತದೆಂದು ತಿಳಿಯುವಂತಿಲ್ಲ. ಕೇರಳ ಸರಕಾರದ ಕೆ-ಫೋನ್ 2023ರ ಜೂನ್ 5ರಂದು ಉದ್ಘಾಟನೆಯಾಯಿತು, ಖಾಸಗಿ ಕೇಬಲಿನವರೂ ಅನೇಕ ಹಳ್ಳಿಗಳಿಗೆ ಬಂದಿದ್ದಾರೆ. ಅವು ವೀಡಿಯೋವನ್ನು ಸರಿಪಡಿಸಿಯಾವು, ಆದರೆ ಚಹಾದ ಮೇಜಿಗೆ ಯಾವ ಕೇಬಲೂ ತಲುಪುವುದಿಲ್ಲ.

ಕಚೇರಿಯೇ ಇಲ್ಲದವರು ಮಾಡಿದ್ದೇನು

ಈ ಕಷ್ಟವನ್ನು ಕೊರೋನಾಕ್ಕೂ ಮೊದಲೇ ಕಂಡವರಿದ್ದಾರೆ. ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪೆನಿಗೆ ಮುಖ್ಯ ಕಚೇರಿಯ ಕಟ್ಟಡವೇ ಇಲ್ಲ. ನೌಕರರೆಲ್ಲ ಹತ್ತಾರು ದೇಶಗಳಲ್ಲಿ ತಮ್ಮ ತಮ್ಮ ಮನೆಗಳಲ್ಲಿ. 2021ರ ಅಕ್ಟೋಬರಿನಲ್ಲಿ ಅದು ಅಮೆರಿಕದ ಷೇರುಪೇಟೆಗೂ ಬಂತು. ಕಂಪೆನಿಯ ನಡಾವಳಿಯೆಲ್ಲ ಒಂದು ಕೈಪಿಡಿಯಲ್ಲಿ ಬರೆದಿದೆ, ಅದನ್ನು ಹೊರಗಿನವರೂ ಓದಬಹುದು. ಹರಟೆಗೆ, ತುರ್ತಿಗೆ ಸ್ಲ್ಯಾಕ್ ಇದೆ. ಆದರೆ ಸ್ಲ್ಯಾಕ್‌ನ ಮಾತು 90 ದಿನಕ್ಕೆ ಅಳಿಸಿಹೋಗಬೇಕೆಂದು ಅವರು ತಾವಾಗಿಯೇ ನಿಯಮ ಮಾಡಿಕೊಂಡರು. ಉದ್ದೇಶ ಸರಳ: ಮುಖ್ಯವಾದದ್ದನ್ನು ಅಲ್ಲಿ ಬಿಟ್ಟರೆ ಕಳೆದುಹೋಗುತ್ತದೆ ಎಂದು ಗೊತ್ತಿದ್ದರೆ ಜನ ಅದನ್ನು ಶಾಶ್ವತವಾದ ಜಾಗದಲ್ಲಿ ಬರೆಯುತ್ತಾರೆ.

ಈ ಪದ್ಧತಿಗೆ ಪರೀಕ್ಷೆ ಬಂದದ್ದು 2017ರ ಜನವರಿ 31ರಂದು. ಅಲ್ಲಿನ ಎಂಜಿನಿಯರೊಬ್ಬರು ನಕಲು ಪ್ರತಿಯನ್ನು ಅಳಿಸುತ್ತಿದ್ದೇನೆಂದು ತಿಳಿದು ಮೂಲ ದತ್ತಾಂಶವನ್ನೇ ಅಳಿಸಿಬಿಟ್ಟರು. ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5. ಹುಡುಕಿದರೆ ಬ್ಯಾಕಪ್ ವ್ಯವಸ್ಥೆಗಳೂ ಒಂದೊಂದಾಗಿ ಕೈಕೊಟ್ಟಿದ್ದವು. ಅದೃಷ್ಟವಶಾತ್ ಸುಮಾರು 6 ಗಂಟೆ ಹಳೆಯದೊಂದು ಪ್ರತಿ ಸಿಕ್ಕಿತು. ಆ ಹೊತ್ತಿನಲ್ಲಿ ಅವರು ಏನು ನಡೆಯುತ್ತಿದೆ, ಏನು ಮಾಡಿದ್ದೇವೆ ಎಂಬುದನ್ನು ಯಾರೂ ಓದಬಹುದಾದ ಒಂದೇ ಕಡತದಲ್ಲಿ ಬರೆಯುತ್ತಾ ಹೋದರು. ದುರಸ್ತಿ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿದರು. ತಪ್ಪು ಮಾಡಿದವರ ಹೆಸರನ್ನು ಮಾತ್ರ ಬರೆಯದೆ 'ತಂಡದ ಸದಸ್ಯ 1' ಎಂದರು. ಬೇರೆ ಬೇರೆ ದೇಶಗಳಲ್ಲಿದ್ದ ನೌಕರರಿಗೆ "ಈಗ ಎಲ್ಲಿಗೆ ಬಂದಿದೆ?" ಎಂದು ಒಬ್ಬೊಬ್ಬರನ್ನೇ ಫೋನಿನಲ್ಲಿ ಕೇಳುವ ಅಗತ್ಯ ಬರಲಿಲ್ಲ.

ಎಲ್ಲರೂ ಗಿಟ್‌ಲ್ಯಾಬ್ ಆಗಲು ಸಾಧ್ಯವಿಲ್ಲ. ಅಲ್ಲಿ ಎಲ್ಲರೂ ದೂರದಲ್ಲಿರುವುದರಿಂದ ಎಲ್ಲರಿಗೂ ಬರಹವೇ ಗತಿ. ಅರ್ಧ ಮಂದಿ ಕಚೇರಿಯಲ್ಲಿದ್ದಾಗಲೇ ಕಷ್ಟ ಹೆಚ್ಚು, ಏಕೆಂದರೆ ಅವರಿಗೆ ಬರೆಯುವ ಅಗತ್ಯವೇ ಕಾಣಿಸುವುದಿಲ್ಲ. ಹಾಗಾಗಿ ಕೆಲವು ಕಂಪೆನಿಗಳು ಒಂದು ಪಾಠ ಕಲಿತಿವೆ: ಒಬ್ಬನಾದರೂ ದೂರದಿಂದ ಸಭೆಗೆ ಸೇರುವುದಾದರೆ ಕಚೇರಿಯಲ್ಲಿರುವವರೂ ಒಂದೇ ಕೋಣೆಯಲ್ಲಿ ಗುಂಪುಗೂಡದೆ ತಮ್ಮ ತಮ್ಮ ಮೇಜಿನಿಂದಲೇ ಸೇರಬೇಕು. ಮೊದಲ ದಿನ ಇದು ಹುಚ್ಚಾಟವೆನಿಸುತ್ತದೆ. ಕೋಣೆಯೊಳಗಿನ ಪಿಸುಮಾತು ನಿಂತ ಮೇಲೆ ಅರ್ಥವಾಗುತ್ತದೆ.

ವಾಟ್ಸ್‌ಆ್ಯಪ್ ಎಂಬ ಅಗ್ಗದ ದಾರಿ

ಮಂಗಳೂರು, ಪುತ್ತೂರು, ಹೊಸೂರು, ಸೊಲ್ಲಾಪುರದಂಥ ಊರುಗಳ ಹತ್ತಿಪ್ಪತ್ತು ಮಂದಿಯ ಸಂಸ್ಥೆಗಳಲ್ಲಿ ಇಂದಿಗೂ ನಡೆಯುತ್ತಿರುವುದು ವಾಟ್ಸ್‌ಆ್ಯಪ್ ಗುಂಪೇ. ದುಡ್ಡಿಲ್ಲ, ಕಲಿಯಬೇಕಾಗಿಲ್ಲ, ಕಡಿಮೆ ರೇಂಜ್‌ನಲ್ಲೂ ಸಂದೇಶ ಹೋಗುತ್ತದೆ. ಕನ್ನಡ, ಮಲಯಾಳ, ತುಳು ಯಾವುದರಲ್ಲಿ ಬೇಕಾದರೂ ಧ್ವನಿ ಕಳಿಸಬಹುದು. ಇದನ್ನು ಅಲ್ಲಗಳೆಯುವಂತಿಲ್ಲ. "ಇಂದು ಹರತಾಳ, ಬಸ್ಸಿಲ್ಲ" ಎಂದು ತಿಳಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆದರೆ ರಜೆ ಮಂಜೂರಾದದ್ದು, ಸಂಬಳ ಏರಿಸುತ್ತೇವೆಂದದ್ದು, ಕೆಲಸದ ಗಡುವು ಮುಂದೆ ಹಾಕಿದ್ದು ಎಲ್ಲವೂ 'ಶುಭೋದಯ' ಚಿತ್ರಗಳ ನಡುವೆ ಹೂತುಹೋದರೆ ಮುಂದೆ ತೋರಿಸುವುದು ಏನನ್ನು? ಕಳಿಸಿದವರು ಅಳಿಸಬಹುದು. ಗುಂಪಿನಿಂದ ತೆಗೆದುಹಾಕಿದ ಮೇಲೆ ಅಲ್ಲಿ ಏನು ನಡೆಯಿತೆಂದು ನೌಕರನಿಗೆ ಕಾಣುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಮೊಬೈಲಿನ ಸಂದೇಶದ ಪ್ರತಿಯನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಮುಂದಿಡಲು ಪ್ರಮಾಣಪತ್ರ ಜೊತೆಗಿರಬೇಕು. ಹಳೆಯ ಕಾಯ್ದೆಯ 65ಬಿ ಕಲಮಿನಲ್ಲೂ ಇದೇ ಇತ್ತು. ಪರದೆಯ ಚಿತ್ರ ತೆಗೆದಿಟ್ಟರೆ ಸಾಕೆಂದು ನಂಬಿ ಕುಳಿತವರಿಗೆ ಇದು ತಿಳಿದಿರಲಿ.

ಮಾಲಿಕರಿಗೂ ಇದರಲ್ಲಿ ಅಪಾಯವಿದೆ. ಅಮೆರಿಕದಲ್ಲಿ ಜೆ.ಪಿ. ಮಾರ್ಗನ್ ಸಂಸ್ಥೆಯ ಷೇರು ವ್ಯವಹಾರದ ನೌಕರರು ಖಾಸಗಿ ಮೊಬೈಲು, ವಾಟ್ಸ್‌ಆ್ಯಪ್‌ಗಳಲ್ಲಿ ಕಚೇರಿಯ ಮಾತಾಡಿ ದಾಖಲೆ ಇಡದೆ ಹೋದದ್ದಕ್ಕೆ 2021ರ ಡಿಸೆಂಬರಿನಲ್ಲಿ ಅಲ್ಲಿನ ಎರಡು ನಿಯಂತ್ರಣ ಮಂಡಳಿಗಳು ಒಟ್ಟು 20 ಕೋಟಿ ಡಾಲರು ದಂಡ ಹಾಕಿದವು. 2022ರ ಸೆಪ್ಟೆಂಬರಿನಲ್ಲಿ ಇದೇ ತಪ್ಪಿಗೆ 16 ಸಂಸ್ಥೆಗಳ ಮೇಲೆ ಷೇರು ನಿಯಂತ್ರಣ ಮಂಡಳಿ ಹಾಕಿದ ದಂಡ 110 ಕೋಟಿ ಡಾಲರಿಗೂ ಮೇಲೆ. ನಮ್ಮ ಸಣ್ಣ ಸಂಸ್ಥೆಗಳಿಗೆ ಆ ಕಾನೂನು ತಟ್ಟುವುದಿಲ್ಲ, ಆದರೆ ಬಿಟ್ಟು ಹೋದ ಗುಮಾಸ್ತನ ಮೊಬೈಲಿನಲ್ಲೇ ಗಿರಾಕಿಗಳ ಲೆಕ್ಕವೆಲ್ಲ ಉಳಿದುಹೋದರೆ ಆಗುವ ಪೇಚಾಟ ಎಲ್ಲ ಕಡೆಯೂ ಒಂದೇ.

ಹಾಗೆಂದು ಬೇರೆ ಉಚಿತ ಸಾಧನಗಳನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಸ್ಲ್ಯಾಕ್‌ನ ಉಚಿತ ಆವೃತ್ತಿಯಲ್ಲಿ 2022ರ ಸೆಪ್ಟೆಂಬರಿನಿಂದ 90 ದಿನಕ್ಕಿಂತ ಹಳೆಯ ಸಂದೇಶ ಕಾಣದಂತಾಯಿತು. ಸ್ಕೈಪ್ 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಫೇಸ್‌ಬುಕ್‌ನ ಒಡೆಯ ಮೆಟಾ, ಕಚೇರಿಗಳಿಗೆಂದೇ 2016ರಲ್ಲಿ ತೆರೆದ 'ವರ್ಕ್‌ಪ್ಲೇಸ್' ಸೇವೆಯನ್ನು ಮುಚ್ಚುವುದಾಗಿ 2024ರಲ್ಲಿ ಪ್ರಕಟಿಸಿತು. ಇವೆಲ್ಲದರ ನಡುವೆ ಮುದಿಯಾಯಿತೆಂದು ಎಲ್ಲರೂ ಹೀಗಳೆಯುವ ಇ-ಮೇಲ್ ಇನ್ನೂ ನಿಂತಿದೆ. ಯಾವ ಒಂದು ಕಂಪೆನಿಯ ಸ್ವತ್ತೂ ಅಲ್ಲದಿರುವುದೇ ಅದರ ಬಲ. ಫೋನಿನಲ್ಲಿ ಮಾತಾದ ಮೇಲೆ "ಇಂದು ನೀವು ಹೇಳಿದಂತೆ..." ಎಂದು ಎರಡು ಸಾಲಿನ ಇ-ಮೇಲ್ ಕಳಿಸುವ ಅಭ್ಯಾಸವನ್ನು ಗುಡ್ಡದ ಮನೆಯ ಹುಡುಗಿ ಮೊದಲ ತಿಂಗಳಿಂದಲೇ ರೂಢಿಸಿಕೊಂಡಿದ್ದರೆ ಆ ಲೆಕ್ಕದ ಜಗಳ ಆಗುತ್ತಿರಲಿಲ್ಲ.

ರಾತ್ರಿ ಹತ್ತರ ಟಿಂಗ್ ಶಬ್ದ

ಖಾಸಗಿ ಮೊಬೈಲೇ ಕಚೇರಿಯಾದಾಗ ಕಚೇರಿ ಮುಚ್ಚುವ ಹೊತ್ತು ಇರುವುದಿಲ್ಲ. ಪೋರ್ಚುಗಲ್ 2021ರಲ್ಲಿ, ಆಸ್ಟ್ರೇಲಿಯಾ 2024ರ ಆಗಸ್ಟಿನಲ್ಲಿ ಈ ಬಗ್ಗೆ ಕಾನೂನು ತಂದವು. ನಮ್ಮಲ್ಲಿ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ, ಕೆಲಸದ ಹೊತ್ತು ಮುಗಿದ ಮೇಲೆ ಕರೆ, ಸಂದೇಶಗಳಿಗೆ ಉತ್ತರಿಸದಿರುವ ಹಕ್ಕಿನ ಖಾಸಗಿ ಮಸೂದೆಯನ್ನು ಮೊದಲು 2018ರಲ್ಲಿ ತಂದು, 2025ರ ಡಿಸೆಂಬರಿನಲ್ಲಿ ಮತ್ತೆ ಲೋಕಸಭೆಯಲ್ಲಿ ಮಂಡಿಸಿದರು. 1970ರ ಬಳಿಕ ಯಾವ ಖಾಸಗಿ ಮಸೂದೆಯೂ ಕಾಯ್ದೆಯಾಗಿಲ್ಲವೆಂಬುದನ್ನು ನೆನೆದರೆ ಅದರ ಮೇಲೆ ಹೆಚ್ಚು ಆಸೆ ಇಡುವಂತಿಲ್ಲ. ಅಲ್ಲಿಯವರೆಗೆ ಕಚೇರಿಯ ಸಂದೇಶ ಕಚೇರಿಯ ಆ್ಯಪ್‌ನಲ್ಲಿ ಮಾತ್ರ ಬರಲಿ, ತುರ್ತಿದ್ದರೆ ಮಾತ್ರ ಫೋನು ಬರಲಿ ಎಂಬ ಒಪ್ಪಂದವೇ ಬಡವನ ಕಾನೂನು. ಫೋನು ಬಂದರೆ ತುರ್ತು, ಬರದಿದ್ದರೆ ಬೆಳಗ್ಗೆ ನೋಡಿದರಾಯಿತು ಎಂದು ಎರಡೂ ಕಡೆಯವರಿಗೆ ಗೊತ್ತಿದ್ದರೆ ರಾತ್ರಿ ನಿದ್ದೆಯಾದರೂ ಬರುತ್ತದೆ.

ಇನ್ನು ಭಾಷೆಯ ಮಾತು. ಗಡಿನಾಡಿನ ಮಕ್ಕಳು ಮನೆಯಲ್ಲಿ ತುಳುವೋ ಕನ್ನಡವೋ, ಪೇಟೆಯಲ್ಲಿ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಆಡಿ ಬೆಳೆದವರು. ಮೂರು ಭಾಷೆ ಬಲ್ಲವರು ವೀಡಿಯೋ ಸಭೆಯ ವೇಗದ ಇಂಗ್ಲಿಷಿನ ಮುಂದೆ ತಡವರಿಸುವುದಿದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಮಾತಿಗಿಂತ ಬರಹ ಸುಲಭ. ನಾಲ್ಕು ಸಲ ತಿದ್ದಿ ಕಳಿಸಲು ಸಮಯ ಸಿಗುತ್ತದೆ. ತೀರ್ಮಾನಗಳು ಸಭೆಯಲ್ಲೇ ಆಗುವ ಕಂಪೆನಿಯಲ್ಲಿ ಬಾಯಿ ಬಲ್ಲವನಿಗೆ ಮೇಲುಗೈ, ಮೊದಲು ಬರೆದು ಹಂಚಿ ಆಮೇಲೆ ಸಭೆ ಸೇರುವ ಕಂಪೆನಿಯಲ್ಲಿ ಕೆಲಸ ಬಲ್ಲವನಿಗೂ ಅವಕಾಶ. ದಾರಿಯ ಆಯ್ಕೆಯಲ್ಲಿ ಇಂಥದ್ದೂ ಅಡಗಿದೆ ಎಂಬುದು ಬೆಂಗಳೂರಿನ ಮೇಲಧಿಕಾರಿಗಳ ಗಮನಕ್ಕೆ ಬಂದಂತಿಲ್ಲ. ಹೇಳಬೇಕಾದವರು ನೌಕರರೇ. ಕೆಲಸಕ್ಕೆ ಸೇರುವ ಸಂದರ್ಶನದಲ್ಲಿ ಸಂಬಳದ ಜೊತೆಗೆ "ತೀರ್ಮಾನಗಳನ್ನು ಎಲ್ಲಿ ಬರೆದಿಡುತ್ತೀರಿ?" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಉತ್ತರ ಹೇಳಲು ಅವರು ತಡಕಾಡಿದರೆ ಅದೂ ಒಂದು ಉತ್ತರವೇ.

ಕಚೇರಿಗೆ ಬರುವ ದಿನಗಳನ್ನು ಗೊತ್ತುಮಾಡುವುದೂ ಇದೇ ಲೆಕ್ಕಕ್ಕೆ ಸೇರಿದ್ದು. ತಿಂಗಳಿಗೆ ಇಷ್ಟು ದಿನ ಎಂದು ಸಂಖ್ಯೆ ಮಾತ್ರ ಹೇಳಿ, ತಂಡದವರು ಯಾವ ದಿನ ಒಟ್ಟಿಗೆ ಬರಬೇಕೆಂದು ಹೇಳದಿದ್ದರೆ ಆಗುವುದೇ ಬೇರೆ. ಉಪ್ಪಳದ ಹುಡುಗ ಬೆಳಗ್ಗೆ ಏಳಕ್ಕೆ ಮನೆ ಬಿಟ್ಟು, ತಲಪಾಡಿಯ ದಟ್ಟಣೆ ದಾಟಿ, ಮಂಗಳೂರಿನ ಕಚೇರಿಯಲ್ಲಿ ಹಾಜರಿಯ ಕಾರ್ಡು ತೋರಿಸಿ ಒಳಗೆ ಹೋಗುತ್ತಾನೆ. ಅವನ ತಂಡದಲ್ಲಿ ಇಬ್ಬರು ಬೆಂಗಳೂರಿನಲ್ಲಿ, ಒಬ್ಬ ಪುಣೆಯಲ್ಲಿ. ಮಂಗಳೂರಿನವಳಿಗೆ ಆ ದಿನ ಮನೆಯ ಸರದಿ. ಖಾಲಿ ಮೇಜುಗಳ ನಡುವೆ ಕುಳಿತು ಅವನು ಇಯರ್‌ಫೋನ್ ಕಿವಿಗಿಟ್ಟು ನಿನ್ನೆ ಜಗಲಿಯಲ್ಲಿ ಕುಳಿತು ಸೇರಿದ ಅದೇ ವೀಡಿಯೋ ಸಭೆಗೆ ಸೇರುತ್ತಾನೆ. ಸಂಜೆ ಅದೇ ಬಸ್ಸು.